ಟೀವಿಯ ಅಣಕು ನಾಯಕರು, ನಿಜವಾದ ನಾಯಕರು: ಪದೇ ಪದೇ ಕೇಳುವ ಪ್ರಶ್ನೆಗಳು

ದೇಶ ಆಳುವವರನ್ನು ಗೇಲಿ ಮಾಡುವ ಟೀವಿ ಕಾರ್ಯಕ್ರಮಗಳ ಬಗ್ಗೆ ನಾನು ಎಲ್ಲೇ ಮಾತಾಡಿದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕಾಲೇಜು ಹುಡುಗರು ಕೇಳುತ್ತಾರೆ, ನಿವೃತ್ತ ಮೇಷ್ಟ್ರುಗಳು ಇನ್‌ಲ್ಯಾಂಡ್ ಲೆಟರ್ ಕಾಲದ ಅಕ್ಷರದಲ್ಲಿ ಪತ್ರ ಬರೆದು ಕೇಳುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಟೀವಿ ವಿಡಂಬನೆ ಅಂದ್ರೆ ಮಿಮಿಕ್ರಿ ತಾನೇ? ಅದರಿಂದ ಕಟ್ಟುಕತೆ ಹೇಗೆ ಹುಟ್ಟುತ್ತೆ?

ಮಿಮಿಕ್ರಿಯಲ್ಲಿ ಇರುವುದು ದನಿ. ವಿಡಂಬನೆ ಆ ದನಿಗೆ ಒಂದು ತೀರ್ಪನ್ನೂ ಅಂಟಿಸುತ್ತದೆ: ಇವನು ದಡ್ಡ, ಈಯಮ್ಮ ಜೋರು, ಇವನು ಸುಳ್ಳ. ಊರಲ್ಲಿ ಅಡ್ಡಹೆಸರು ಬೀಳುವುದನ್ನು ನೋಡಿದ್ದೀರಲ್ಲ, ಹಾಗೇ. ಒಬ್ಬ ಒಂದೇ ಒಂದು ಸಲ ಸೈಕಲ್ ಸಮೇತ ಕೆರೆಗೆ ಬಿದ್ದಿರುತ್ತಾನೆ. ಆಮೇಲೆ ನಲವತ್ತು ವರ್ಷ ನೆಟ್ಟಗೆ ಪೆಡಲ್ ತುಳಿದರೂ ಅವನು 'ಕೆರೆ ಸೈಕಲ್ಲೇ', ಮೊಮ್ಮಕ್ಕಳ ಮದುವೆಯಲ್ಲೂ ಅದೇ ಹೆಸರು. ಬಿದ್ದದ್ದು ನಿಜವೇ, ಆದರೆ ಆ ಒಂದು ಸಂಜೆ ಉಳಿದ ನಲವತ್ತು ವರ್ಷವನ್ನು ನುಂಗಿಬಿಟ್ಟಿತು. ಟೀವಿ ಇದನ್ನು ಇಡೀ ದೇಶದ ಮಟ್ಟದಲ್ಲಿ ವಾರವಾರ ಮಾಡುತ್ತದೆ. ಒಂದು ಚೂರು ನಿಜ ಹೋಗಿ ಇಡೀ ಮನುಷ್ಯನ ಜಾಗದಲ್ಲಿ ಕೂತುಬಿಟ್ಟರೆ ಅದನ್ನೇ ನಾನಿಲ್ಲಿ ಕಟ್ಟುಕತೆ ಅನ್ನುತ್ತಿದ್ದೇನೆ.

ಜೆರಾಲ್ಡ್ ಫೋರ್ಡ್ ಅಂದ್ರೆ ಎಡವಿ ಎಡವಿ ಬೀಳ್ತಿದ್ದ ಪ್ರೆಸಿಡೆಂಟ್ ಅಲ್ವಾ?

ಇದನ್ನೇ ಎಲ್ಲರೂ ಮೊದಲು ಕೇಳುವುದು, ಹಾಗಾಗಿ ಸ್ವಲ್ಪ ಉದ್ದವಾಗೇ ಹೇಳುತ್ತೇನೆ.

ಫೋರ್ಡ್ ಬಹುಶಃ ಆವರೆಗಿನ ಅಮೆರಿಕದ ಅಧ್ಯಕ್ಷರಲ್ಲೇ ಮೈಕಟ್ಟಿನ ಆಟಗಾರ. ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು. 1932, 1933ರಲ್ಲಿ ಆ ತಂಡ ದೇಶಕ್ಕೇ ಚಾಂಪಿಯನ್. 1934ರಲ್ಲಿ ಜೊತೆ ಆಟಗಾರರೇ ಇವರನ್ನು ತಂಡದ ಅತ್ಯುತ್ತಮ ಆಟಗಾರ ಅಂತ ಆರಿಸಿದರು. ಡೆಟ್ರಾಯಿಟ್ ಲಯನ್ಸ್, ಗ್ರೀನ್ ಬೇ ಪ್ಯಾಕರ್ಸ್ ಎರಡೂ ವೃತ್ತಿ ತಂಡಗಳು ಕರೆದಿದ್ದವು. ಇವರು ಅತ್ತ ಹೋಗದೆ ಯೇಲ್‌ನಲ್ಲಿ ಕೋಚ್ ಕೆಲಸ ಮಾಡುತ್ತಾ ಕಾನೂನು ಓದಿದರು. ಅರವತ್ತು ದಾಟಿದ ಮೇಲೂ ಹಿಮದಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಮನುಷ್ಯ.

ಆದದ್ದಿಷ್ಟು. 1975ರ ಜೂನ್ 1ರಂದು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ವಿಮಾನದಿಂದ ಇಳಿಯುವಾಗ ಮಳೆ. ಮೆಟ್ಟಿಲು ಜಾರುತ್ತಿತ್ತು. ಫುಟ್‌ಬಾಲ್ ಆಡಿ ಮಂಡಿ ಮೊದಲೇ ಹಾಳಾಗಿತ್ತು. ಕ್ಯಾಮೆರಾಗಳ ಎದುರೇ ಕೆಳಗಿನ ಮೆಟ್ಟಿಲಲ್ಲಿ ಜಾರಿ ಬಿದ್ದರು, ಎದ್ದರು, ಕೈ ಕುಲುಕಿದರು. ಅಷ್ಟೇ ಆಗಿದ್ದರೆ ಒಂದು ವಾರದ ಸುದ್ದಿ. ಆದರೆ ಅದೇ ಅಕ್ಟೋಬರ್ 11ಕ್ಕೆ ಎನ್‌ಬಿಸಿಯಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಶುರುವಾಯಿತು, ಕೆಲವೇ ವಾರಗಳಲ್ಲಿ ಚೆವಿ ಚೇಸ್ ಅನ್ನುವ ನಟ ಫೋರ್ಡ್ ಆಗಿ ಬಂದು ಕುರ್ಚಿ, ಮೇಜು, ಏಣಿ, ಕ್ರಿಸ್‌ಮಸ್ ಮರ ಎಲ್ಲದರ ಮೇಲೂ ದೊಪ್ಪನೆ ಬೀಳತೊಡಗಿದ.

ತಮಾಷೆ ಏನು ಗೊತ್ತಾ? ಚೇಸ್ ಮೇಕಪ್ ಹಾಕಲಿಲ್ಲ, ವಿಗ್ ಇಡಲಿಲ್ಲ, ಫೋರ್ಡ್ ದನಿಯನ್ನು ಅನುಕರಿಸುವ ಗೋಜಿಗೂ ಹೋಗಲಿಲ್ಲ. ಬರೀ ಬಿದ್ದ. ನೋಡಲು ಒಂದಿಷ್ಟೂ ಹೋಲದ ಮನುಷ್ಯ ಬಿದ್ದರೂ ದೇಶ ಅವನನ್ನು ಫೋರ್ಡ್ ಅಂತ ಒಪ್ಪಿಕೊಂಡಿತು. ಒಂದು ಕಾರಣ, ಹಳೆಯ ಬೀಜ ಮಣ್ಣಲ್ಲಿ ಮೊದಲೇ ಇತ್ತು. ಫೋರ್ಡ್ ಹೆಲ್ಮೆಟ್ ಇಲ್ಲದೆ ಜಾಸ್ತಿ ದಿನ ಫುಟ್‌ಬಾಲ್ ಆಡಿಬಿಟ್ಟಿದ್ದಾರೆ ಅಂತ ಹಿಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಯಾವತ್ತೋ ಕುಟುಕಿದ್ದ ಮಾತು ಎಲ್ಲರ ಬಾಯಲ್ಲಿತ್ತು. ದಡ್ಡ ಅನ್ನುವ ಗುಮಾನಿಗೆ ಬೀಳುವ ಮೈ ಸಾಕ್ಷಿ ಆಯಿತು.

ನನಗೆ ಇದರಲ್ಲಿ ಕಸಿವಿಸಿ ಆಗುವುದು ಬೇರೆ ಕಡೆ. 1974ರ ಸೆಪ್ಟೆಂಬರ್ 8ರಂದು ಫೋರ್ಡ್, ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟಿದ್ದ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಪೂರ್ತಿ ಕ್ಷಮಾದಾನ ಕೊಟ್ಟರು, ವಿಚಾರಣೆಯೇ ಇಲ್ಲದೆ. 1975ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸೈಗಾನ್ ಬಿತ್ತು. ಮೇ ತಿಂಗಳಲ್ಲಿ ನಿರುದ್ಯೋಗ ಶೇ. 9 ಮುಟ್ಟಿತ್ತು. ಜಗಳ ಆಡಲು ಇಷ್ಟೆಲ್ಲಾ ಇದ್ದಾಗ ಜನಕ್ಕೆ ಇವತ್ತಿಗೂ ನೆನಪಿರುವುದು ಮೆಟ್ಟಿಲು! ಆ ಗೇಲಿ ಫೋರ್ಡ್‌ಗೆ ಅನ್ಯಾಯ ಮಾಡಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅವರಿಗೆ ಒಂದು ಉಪಕಾರವನ್ನೂ ಮಾಡಿತು ಅಂತ ನನಗನ್ನಿಸುತ್ತದೆ.

"ನಮ್ಮ ಮನೆಯಿಂದ ರಷ್ಯಾ ಕಾಣುತ್ತೆ" ಅಂತ ಸಾರಾ ಪೇಲಿನ್ ಹೇಳಿದ್ದನ್ನ ನಾನೇ ಟೀವಿಯಲ್ಲಿ ನೋಡಿದೀನಿ!

ನೋಡಿದ್ದು 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ ಅವರ ವೇಷ ಹಾಕಿದ್ದ ನಟಿ ಟೀನಾ ಫೇ ಅವರನ್ನ. ಪೇಲಿನ್ ಆಗ ಅಲಾಸ್ಕಾದ ಗವರ್ನರ್, ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ. 2008ರ ಸೆಪ್ಟೆಂಬರ್ 11ರಂದು ಪ್ರಸಾರವಾದ ಎಬಿಸಿ ಸಂದರ್ಶನದಲ್ಲಿ ಪೇಲಿನ್ ಹೇಳಿದ್ದು, ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣಿಸುತ್ತದೆ ಅಂತ. ಇದು ಭೂಗೋಳದ ಪ್ರಕಾರ ಸರಿ. ಬೇರಿಂಗ್ ಜಲಸಂಧಿಯಲ್ಲಿ ಅಮೆರಿಕದ ಲಿಟಲ್ ಡಯೊಮೀಡ್, ರಷ್ಯಾದ ಬಿಗ್ ಡಯೊಮೀಡ್ ಅಂತ ಎರಡು ದ್ವೀಪಗಳಿವೆ, ನಡುವೆ ನಾಲ್ಕು ಕಿಲೋಮೀಟರೂ ಇಲ್ಲ. ಎರಡೇ ದಿನಕ್ಕೆ, 13ರಂದು, ಫೇ ಪೇಲಿನ್ ವೇಷದಲ್ಲಿ ಬಂದು ದ್ವೀಪವನ್ನು ತೆಗೆದು ಮನೆ ಹಾಕಿದರು. ಅಷ್ಟೇ ಬದಲಾವಣೆ. ಕನ್ನಡಕ, ಕೂದಲು, ಮಾತಿನ ಎಳೆತ ಎಲ್ಲಾ ಎಷ್ಟು ಹೋಲುತ್ತಿತ್ತು ಅಂದರೆ ಜನರ ನೆನಪಿನಲ್ಲಿ ಇಬ್ಬರೂ ಒಂದಾಗಿಬಿಟ್ಟರು.

ಆದರೆ ಪೇಲಿನ್ ಪರ ಪೂರ್ತಿ ವಾದ ಮಾಡಲು ನಾನು ತಯಾರಿಲ್ಲ. ವಿದೇಶಾಂಗ ನೀತಿಯ ಬಗ್ಗೆ ಪ್ರಶ್ನೆ ಬಂದಾಗ ನೆರೆಮನೆಯ ಕತೆ ಹೇಳಿದ್ದು ಅವರೇ. ಇನ್ನೊಂದು ವಿಷಯ: ಸೆಪ್ಟೆಂಬರ್ 27ರ ಅಣಕದಲ್ಲಿ ಫೇ ಹೇಳಿದ ಒಂದು ಉತ್ತರ ಪೇಲಿನ್ ಸಿಬಿಎಸ್ ಸಂದರ್ಶನದಲ್ಲಿ ಆಡಿದ್ದ ಮಾತೇ, ಹೆಚ್ಚುಕಡಿಮೆ ಅಕ್ಷರಕ್ಕಕ್ಷರ. ಅದಕ್ಕೂ ಜನ ಅಷ್ಟೇ ನಕ್ಕರು. ಹೀಗೆ ಒಂದು ವಾರ ಹುಟ್ಟಿಸಿದ್ದು, ಇನ್ನೊಂದು ವಾರ ನಿಜದ್ದು ಅಂತ ಬೆರೆಸಿದರೆ ಹಾಲು ಯಾವುದು ನೀರು ಯಾವುದು ಯಾರು ಹೇಳಬೇಕು?

ಬುಷ್ "ಸ್ಟ್ರಾಟೆಜರಿ" ಅಂದಿದ್ದಾದ್ರೂ ನಿಜ ತಾನೇ?

ಅಲ್ಲ. 2000ದ ಅಕ್ಟೋಬರ್ 7ರಂದು ಜಾರ್ಜ್ ಡಬ್ಲ್ಯೂ. ಬುಷ್ ಪಾತ್ರದಲ್ಲಿದ್ದ ವಿಲ್ ಫೆರೆಲ್ ಬಾಯಿಗೆ ಅದೇ 'ಸ್ಯಾಟರ್ಡೇ ನೈಟ್ ಲೈವ್'ನ ಜಿಮ್ ಡೌನಿ 'ಸ್ಟ್ರಾಟೆಜಿ'ಯನ್ನು ತಿರುಚಿ ಬರೆದುಕೊಟ್ಟ ಪದ ಅದು. ಬುಷ್‌ಗೇ ಎಷ್ಟು ಗೊಂದಲ ಆಗಿತ್ತೆಂದರೆ ತಾನೇ ಅದನ್ನು ಹೇಳಿದ್ದು ಅಂದುಕೊಂಡಿದ್ದೆ ಅಂತ ಆಮೇಲೆ ಒಂದು ಟೀವಿ ಸಂದರ್ಶನದಲ್ಲಿ ಹೇಳಿಕೊಂಡು ನಕ್ಕರು. "ಮಿಸ್‌ಅಂಡರ್‌ಎಸ್ಟಿಮೇಟೆಡ್" ಅನ್ನುವ ಎಡವಟ್ಟು ಪದ ಮಾತ್ರ ಅವರದೇ ಸ್ವಂತ ಬೆಳೆ.

## ಸ್ವಲ್ಪ ಆಳಕ್ಕೆ ಇಳಿದರೆ

ಥ್ಯಾಚರ್ ಬೊಂಬೆ ನೋಡಿ ಜನ ಅವರನ್ನ ಬೈದರಾ, ಮೆಚ್ಚಿಕೊಂಡರಾ?

ಎರಡೂ, ಮಾಡಿದವರ ಇಷ್ಟಕ್ಕೆ ವಿರುದ್ಧವಾಗಿ. ಬ್ರಿಟನ್‌ನ ಐಟಿವಿಯಲ್ಲಿ 1984ರಿಂದ 1996ರವರೆಗೆ ಬಂದ 'ಸ್ಪಿಟಿಂಗ್ ಇಮೇಜ್' ರಬ್ಬರ್ ಬೊಂಬೆಗಳ ಕಾರ್ಯಕ್ರಮ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬೊಂಬೆಗೆ ಗಂಡಸರ ಸೂಟು, ಟೈ, ದನಿ ಕೊಟ್ಟಿದ್ದೂ ಒಬ್ಬ ಗಂಡಸೇ. ತುಂಬಾ ಹೆಸರಾದ ದೃಶ್ಯ ಹೋಟೆಲಿನದು: ಥ್ಯಾಚರ್ ಮಂತ್ರಿಗಳ ಜೊತೆ ಊಟಕ್ಕೆ ಕೂತು ಮಾಂಸ ಹೇಳುತ್ತಾರೆ. ತರಕಾರಿಗೆ ಏನು ಅಂತ ಬಡಿಸುವವಳು ಕೇಳಿದರೆ, ಅವರಿಗೂ ನನಗೆ ತಂದಿದ್ದೇ ಸಾಕು ಅನ್ನುತ್ತಾರೆ. ತರಕಾರಿ ಅಂದರೆ ಸುತ್ತ ಕೂತ ಮಂತ್ರಿಗಳು.

ಬರೆದವರು ಥ್ಯಾಚರ್ ವಿರೋಧಿಗಳು. ಆದರೆ ನೋಡಿದವರಿಗೆ ಕಂಡಿದ್ದು ಏನು? ಗಂಡಸರ ಕೋಣೆಯಲ್ಲಿ ಒಬ್ಬಳೇ ಗಂಡಸು. 'ಉಕ್ಕಿನ ಮಹಿಳೆ' ಅನ್ನುವ ಹೆಸರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ? ಅವರು 1987ರ ಚುನಾವಣೆಯನ್ನೂ ಗೆದ್ದರು.

ನಿಜವಾಗಿ ಪೆಟ್ಟು ಬಿದ್ದಿದ್ದು ಡೇವಿಡ್ ಸ್ಟೀಲ್‌ಗೆ. ಅವರು ಲಿಬರಲ್ ಪಕ್ಷದ ನಾಯಕರು, ಮಿತ್ರಪಕ್ಷ ಎಸ್‌ಡಿಪಿಯ ನಾಯಕ ಡೇವಿಡ್ ಓವನ್. ಕಾರ್ಯಕ್ರಮದಲ್ಲಿ ಓವನ್ ಎತ್ತರದ ಠೀವಿಯ ಬೊಂಬೆ, ಸ್ಟೀಲ್ ಮಾತ್ರ ಓವನ್ ಜೇಬಿನಿಂದ ಇಣುಕಿ ಕೀಚಲು ದನಿಯಲ್ಲಿ ಮಾತಾಡುವ ಪುಟಾಣಿ. ಲೆಕ್ಕ ನೋಡಿ: 1983ರ ಚುನಾವಣೆಯಲ್ಲಿ ಸ್ಟೀಲ್ ಪಕ್ಷಕ್ಕೆ 17 ಸೀಟು, ಓವನ್ ಪಕ್ಷಕ್ಕೆ 6. ಬ್ರಿಟನ್‌ನ 1967ರ ಗರ್ಭಪಾತ ಕಾನೂನನ್ನು ಖಾಸಗಿ ಮಸೂದೆಯಾಗಿ ತಂದು ಪಾಸು ಮಾಡಿಸಿದ ಮನುಷ್ಯ ಜೇಬಿನೊಳಗಿನ ಮರಿಯಾಗಿಬಿಟ್ಟರು. ಅದರಿಂದ ತನ್ನ ಹೆಸರಿಗೆ ಧಕ್ಕೆಯಾಯಿತು ಅಂತ ಸ್ಟೀಲ್ ತಾವೇ ಒಪ್ಪಿಕೊಂಡಿದ್ದಾರೆ. ಕ್ರೂರಿ ಅಂತ ಬರೆಸಿಕೊಂಡವರು ಬದುಕಿಕೊಳ್ಳುತ್ತಾರೆ. ಪಾಪದವನು ಅಂತ ಬರೆಸಿಕೊಂಡವನ ಗತಿ ಕಷ್ಟ.

ಬೊಂಬೆ ಯಾಕೆ? ನಟರು ಸಾಲದಾ?

ನಟನಿಗೆ ತನ್ನದೇ ಮುಖ ಅಂತ ಒಂದಿರುತ್ತದೆ, ಬೊಂಬೆಗೆ ಇರುವುದಿಲ್ಲ. ಮೂಗು ಉದ್ದ ಮಾಡಿದರೆ ಪ್ರತಿವಾರವೂ ಅಷ್ಟೇ ಉದ್ದ. ಜೊತೆಗೆ, ಮನುಷ್ಯ ಆಡಿದರೆ ಕೇಸು ಬೀಳುವ ಮಾತನ್ನು ಬೊಂಬೆ ಆಡಿ ಬಚಾವಾಗುತ್ತದೆ. ನಮಗೇನು ಇದು ಹೊಸದಲ್ಲ. ತೊಗಲುಬೊಂಬೆಯಾಟದಲ್ಲಿ ರಾಮ ರಾವಣರ ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕ ಯಾರ ಮುಲಾಜೂ ಇಲ್ಲದೆ ಏನೇನು ಮಾತಾಡುತ್ತಾರೆ ಅಂತ ಬಯಲಲ್ಲಿ ಕೂತು ನೋಡಿದವರಿಗೆ ಗೊತ್ತು.

ಗೇಲಿಯಿಂದಲೇ ಒಬ್ಬರು ಗೆದ್ದ ಉದಾಹರಣೆ ಇದೆಯಾ?

ಗೇಲಿಯಿಂದ*ಲೇ* ಅನ್ನುವುದು ಜಾಸ್ತಿ ಆಯಿತು. ಆದರೆ ಜಾಕ್ ಶಿರಾಕ್ ಕತೆ ಹತ್ತಿರ ಬರುತ್ತದೆ. 1995ರ ಫ್ರಾನ್ಸ್ ಅಧ್ಯಕ್ಷ ಚುನಾವಣೆಗೆ ಮುಂಚೆ ಶಿರಾಕ್ ಅವರ ಮೂವತ್ತು ವರ್ಷದ ಗೆಳೆಯ, ಅದೇ ಪಕ್ಷದ ಪ್ರಧಾನಿ ಎದುಆರ್ ಬಲಾದ್ಯೂರ್ ತಾನೂ ನಿಂತರು. ವರ್ಷದ ಶುರುವಿನಲ್ಲಿ ಸಮೀಕ್ಷೆಗಳಲ್ಲಿ ಬಲಾದ್ಯೂರ್ ಮುಂದೆ. ಕನಾಲ್ ಪ್ಲೂಸ್ ಚಾನೆಲ್‌ನ ಬೊಂಬೆ ಸುದ್ದಿ 'ಲೆ ಗಿನ್ಯೋಲ್'ನಲ್ಲಿ ಶಿರಾಕ್ ಬೊಂಬೆಯ ಬೆನ್ನ ತುಂಬಾ ಚಾಕುಗಳು, ಗೆಳೆಯರು ಚುಚ್ಚಿದ್ದು. ಪಾಪ ಅನ್ನಿಸುವ ಹಾಗಿತ್ತು. ಅವರ ಪ್ರಚಾರದ ಪುಸ್ತಕದ ಮುಖಪುಟದಲ್ಲಿ ಸೇಬಿನ ಮರ ಇತ್ತು. ಬೊಂಬೆ ಅದನ್ನು ಹಿಡಿದುಕೊಂಡು ಯಾವ ಪ್ರಶ್ನೆ ಕೇಳಿದರೂ "ಸೇಬು ತಿನ್ನಿ!" ಅನ್ನತೊಡಗಿತು. ನಿಜವಾದ ಶಿರಾಕ್ ಅದನ್ನು ಘೋಷಣೆ ಮಾಡಿಕೊಂಡಿರಲಿಲ್ಲ, ಆದರೂ ಇವತ್ತಿಗೂ ಫ್ರಾನ್ಸ್‌ನಲ್ಲಿ ಆ ಚುನಾವಣೆ ಅಂದರೆ ಸೇಬು.

ಶಿರಾಕ್ ಗೆದ್ದರು. 2002ರ ಹೊತ್ತಿಗೆ ಅದೇ ಕಾರ್ಯಕ್ರಮ ಹಗರಣಗಳ ನೆಪದಲ್ಲಿ ಅವರನ್ನು 'ಸೂಪರ್ ಸುಳ್ಳ' ಮಾಡಿತು. ಆ ಸಲ ಎರಡನೇ ಸುತ್ತಿನಲ್ಲಿ ಎದುರಾಳಿ ಕಡು ಬಲಪಂಥದ ಲೆ ಪೆನ್, ಹಾಗಾಗಿ ಜನ ಮೂಗು ಮುಚ್ಚಿಕೊಂಡು ಸೂಪರ್ ಸುಳ್ಳನಿಗೇ ಶೇ. 82 ಮತ ಹಾಕಿದರು!

ನಾಯಕರೇ ಹೋಗಿ ಆ ಶೋಗಳಲ್ಲಿ ಕಾಣಿಸ್ಕೋತಾರಲ್ಲ, ನಾಚಿಕೆ ಆಗಲ್ವಾ?

ನಾಚಿಕೆಗಿಂತ ಲೆಕ್ಕಾಚಾರ ದೊಡ್ಡದು. ಗೇಲಿಗೆ ತಾನೂ ನಕ್ಕವನು 'ನಮ್ಮೋನು' ಆಗುತ್ತಾನೆ. 1968ರ ಸೆಪ್ಟೆಂಬರ್‌ನಲ್ಲಿ ಬಿಗುಮುಖದ ರಿಚರ್ಡ್ ನಿಕ್ಸನ್ 'ಲಾಫ್-ಇನ್' ಅನ್ನುವ ಹಾಸ್ಯ ಕಾರ್ಯಕ್ರಮಕ್ಕೆ ಬಂದು ಅದರ ಹೆಸರಾದ ಪಲ್ಲವಿಯನ್ನು ಒಂದೇ ಸಾಲು ಹೇಳಿ ಹೋದರು. ಎದುರಾಳಿ ಹ್ಯೂಬರ್ಟ್ ಹಂಫ್ರಿಯನ್ನೂ ಕರೆದಿದ್ದರು, ಅವರು ಒಲ್ಲೆ ಅಂದರು. ನಿಕ್ಸನ್ ಕೂದಲೆಳೆಯಲ್ಲಿ ಗೆದ್ದರು.

ಆದರೆ ಎಲ್ಲರಿಗೂ ಇದು ದಕ್ಕುವುದಿಲ್ಲ. 1976ರ ಏಪ್ರಿಲ್ 17ರಂದು ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ನೆಸ್ಸೆನ್ 'ಸ್ಯಾಟರ್ಡೇ ನೈಟ್' ನಡೆಸಿಕೊಟ್ಟರು, ಫೋರ್ಡ್ ಕೂಡ ಮೊದಲೇ ಚಿತ್ರೀಕರಿಸಿದ ತುಣುಕುಗಳಲ್ಲಿ ಬಂದರು. ಕಾರ್ಯಕ್ರಮದವರು ಆ ವಾರ ಬೇಕೂಂತಲೇ ಜಾಸ್ತಿ ಪೋಲಿ ಸ್ಕಿಟ್‌ಗಳನ್ನು ಸೇರಿಸಿದರು. ಬಿರುಗಾಳಿಗೆ ಬಾಗಿಲು ತೆಗೆದ ಹಾಗಾಯಿತು. ಜಾಣತನದಿಂದ ನಡೆದುಕೊಂಡದ್ದು ಹಿರಿಯ ಬುಷ್. 1992ರಲ್ಲಿ ಸೋತ ಮೇಲೆ, ಡಿಸೆಂಬರ್‌ನಲ್ಲಿ, ತನ್ನನ್ನು ವರ್ಷಗಟ್ಟಲೆ ಅಣಕಿಸಿದ ಡೇನಾ ಕಾರ್ವಿಯನ್ನು ಶ್ವೇತಭವನಕ್ಕೇ ಕರೆಸಿ, ಮಂಕಾಗಿದ್ದ ಸಿಬ್ಬಂದಿಯ ಮುಂದೆ ಅಣಕ ಮಾಡಿಸಿದರು.

## ತಲೆನೋವಿನ ಪ್ರಶ್ನೆಗಳು

ಇದರಿಂದ ಓಟು ಬದಲಾಗುತ್ತೆ ಅನ್ನೋದಕ್ಕೆ ಏನಾದ್ರೂ ಪುರಾವೆ ಇದೆಯಾ, ಅಥವಾ ಎಲ್ಲಾ ಅಂತೆಕಂತೆನಾ?

ಒಂದಿಷ್ಟು ಇದೆ, ಆದರೆ ಹುಷಾರಾಗಿ ಓದಬೇಕು. ಟೀನಾ ಫೇ ಅಣಕದ ಬಗ್ಗೆ 2012ರಲ್ಲಿ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಅದನ್ನು ನೋಡಿದ ಯುವಕರಲ್ಲಿ ಪೇಲಿನ್ ಬಗೆಗಿನ ಅಭಿಪ್ರಾಯ ಕೆಳಗಿತ್ತು, ಅದೂ ಪಕ್ಷೇತರ ಮನಸ್ಸಿನವರಲ್ಲಿ ಮತ್ತು ಅವರದೇ ರಿಪಬ್ಲಿಕನ್ ಪಕ್ಷದ ಒಲವಿನವರಲ್ಲಿ ಜಾಸ್ತಿ. ಅದು ಯುವಕರ ಅಧ್ಯಯನ, ಇಡೀ ದೇಶದ್ದಲ್ಲ.

ಇದಕ್ಕೆ ಎದುರಾದ ಇನ್ನೊಂದು 2009ರದು, ನನಗೆ ಇದೇ ಹೆಚ್ಚು ಇಷ್ಟ. ಅಮೆರಿಕದ ಟೀವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಸಂಪ್ರದಾಯವಾದಿ ನಿರೂಪಕನ ವೇಷ ಹಾಕಿ ಆ ಜನರನ್ನೇ ಗೇಲಿ ಮಾಡುತ್ತಿದ್ದರು. ಆದರೆ ಸಂಪ್ರದಾಯವಾದಿ ವೀಕ್ಷಕರಲ್ಲಿ ಅನೇಕರು, ಇವನು ತಮಾಷೆ ಮಾಡುವ ಹಾಗೆ ನಟಿಸುತ್ತಾನೆ ಅಷ್ಟೇ, ಒಳಗೆ ನಮ್ಮ ಕಡೆಯವನೇ ಅಂದುಕೊಂಡಿದ್ದರಂತೆ. ನಕ್ಕವರೆಲ್ಲಾ ಒಂದೇ ವಿಷಯಕ್ಕೆ ನಕ್ಕರು ಅಂತ ತಿಳಿಯಬೇಡಿ.

ಫೋರ್ಡ್ ವಿಷಯಕ್ಕೆ ಬಂದರೆ, 1976ರ ಚುನಾವಣೆಯಲ್ಲಿ ಎದುರಾಳಿ ಜಿಮ್ಮಿ ಕಾರ್ಟರ್ ಗೆಲ್ಲಬೇಕು ಅನ್ನುವುದು ತನ್ನ ಆಸೆಯಾಗಿತ್ತು ಅಂತ ಚೇಸ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಫೋರ್ಡ್ ಸೋತಿದ್ದು ಶೇ. 2ರಷ್ಟು ಅಂತರದಲ್ಲಿ, ಓಹಿಯೋದಲ್ಲಿ ಸುಮಾರು 11 ಸಾವಿರ ಮತದಲ್ಲಿ. ಇಷ್ಟು ಸಣ್ಣ ಅಂತರದಲ್ಲಿ ಎಲ್ಲ ಕಾರಣವೂ 'ಅದೇ ಕಾರಣ' ಆಗಬಹುದು: ಕ್ಷಮಾದಾನ, ಬೆಲೆಯೇರಿಕೆ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂತ ಚರ್ಚೆಯಲ್ಲಿ ಬಾಯಿತಪ್ಪಿ ಅಂದಿದ್ದು, ಎಲ್ಲವೂ. ಅಣಕವೊಂದೇ ಸೋಲಿಸಿತು ಅನ್ನುವುದು ಅಣಕದ ಬಗ್ಗೆಯೇ ಹುಟ್ಟಿದ ಕಟ್ಟುಕತೆ.

ಗೇಲಿಯನ್ನೇ ನಿಲ್ಲಿಸಿದ್ರೆ ಕಟ್ಟುಕತೆಗಳೂ ನಿಲ್ಲುತ್ತವಾ?

ರಷ್ಯಾದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. 1994ರಲ್ಲಿ ಎನ್‌ಟಿವಿ ಅನ್ನುವ ಖಾಸಗಿ ಚಾನೆಲ್‌ನಲ್ಲಿ 'ಕೂಕ್ಲಿ', ಅಂದರೆ 'ಬೊಂಬೆಗಳು', ಶುರುವಾಯಿತು. ಮುಖ್ಯ ಬರಹಗಾರ ವಿಕ್ತರ್ ಶೆಂಡೆರೋವಿಚ್. 1995ರಲ್ಲಿ ಆಗಿನ ಅಧ್ಯಕ್ಷ ಯೆಲ್ತ್ಸಿನ್ ಮತ್ತು ಮಂತ್ರಿಗಳನ್ನು ಭಿಕಾರಿಗಳಾಗಿ ತೋರಿಸಿದ್ದಕ್ಕೆ ಸರ್ಕಾರಿ ವಕೀಲರು ಕ್ರಿಮಿನಲ್ ಕೇಸು ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ದೇಶವೆಲ್ಲಾ ನಕ್ಕಿತು, ಕೇಸು ಬಿದ್ದುಹೋಯಿತು.

ಪುಟಿನ್ ಹಾಗಲ್ಲ. 2000ದ ಜನವರಿಯಲ್ಲಿ ಹಾಫ್‌ಮನ್‌ನ ಹಳೆಯ ಜರ್ಮನ್ ಕತೆಯೊಂದನ್ನು ಎತ್ತಿಕೊಂಡು, ಮಾಯೆಯಿಂದ ಎಲ್ಲರ ಕಣ್ಣಿಗೂ ಚೆಲುವನಾಗಿ ಕಾಣುವ ಕುರೂಪಿ ಕುಳ್ಳನಾಗಿ ಅವರ ಬೊಂಬೆಯನ್ನು ತೋರಿಸಿದರು. ಮೇ ಹೊತ್ತಿಗೆ, ಆ ಒಬ್ಬರ ಬೊಂಬೆಯನ್ನು ತೆಗೆಯಿರಿ ಅನ್ನುವ ಮಾತು ಚಾನೆಲ್‌ಗೆ ಮುಟ್ಟಿತ್ತು ಅಂತ ಶೆಂಡೆರೋವಿಚ್ ಹೇಳಿದ್ದಾರೆ. ಅವರು ಬೊಂಬೆ ತೆಗೆದರು. ಬದಲಿಗೆ ಹತ್ತು ಆಜ್ಞೆಗಳ ಬೈಬಲ್ ಕತೆ ಮಾಡಿ, ಹೆಸರು ಎತ್ತಬಾರದ, ಮುಖ ತೋರಿಸಬಾರದ ದೇವರನ್ನಾಗಿ ಪುಟಿನ್‌ರನ್ನು ಕೂರಿಸಿದರು! ನಾನು ಕಂಡ ಗೇಲಿಗಳಲ್ಲೇ ಇದು ಮೇಲು. ಜೂನ್‌ನಲ್ಲಿ ಚಾನೆಲ್ ಮಾಲೀಕ ಗುಸಿನ್ಸ್ಕಿ ಅರೆಸ್ಟ್ ಆದರು, 2001ರ ಏಪ್ರಿಲ್‌ನಲ್ಲಿ ಚಾನೆಲ್ ಸರ್ಕಾರಿ ಹಿಡಿತದ ಗಾಜ್‌ಪ್ರೋಮ್ ಕೈಗೆ ಹೋಯಿತು, 2002ರಲ್ಲಿ 'ಕೂಕ್ಲಿ' ಮುಗಿಯಿತು.

ಆಮೇಲೆ ಬಂದದ್ದು ಬರಿಮೈಯಲ್ಲಿ ಕುದುರೆ ಸವಾರಿ, ಕೊಕ್ಕರೆಗಳ ಜೊತೆ ಹಾರಾಟ, 2011ರಲ್ಲಿ ಕಪ್ಪು ಸಮುದ್ರದ ಕಡೆ ನೀರಿಗೆ ಮುಳುಗಿ ಪುರಾತನ ಹೂಜಿಗಳನ್ನು 'ಕಂಡುಹಿಡಿದಿದ್ದು'. ಆ ಹೂಜಿಗಳನ್ನು ಮೊದಲೇ ಅಲ್ಲಿ ಇಟ್ಟಿದ್ದರು ಅಂತ ಅವರ ವಕ್ತಾರರೇ ಒಪ್ಪಿಕೊಂಡರು. ಕಟ್ಟುಕತೆ ನಿಂತಿರಲಿಲ್ಲ, ಕಟ್ಟುವವರು ಬದಲಾಗಿದ್ದರು.

ನಮ್ಮ ದೇವೇಗೌಡರ ನಿದ್ದೆಯೂ ಇದೇ ಸಾಲಿಗೆ ಸೇರುತ್ತಾ?

ಕರ್ನಾಟಕದಲ್ಲಿ ಎಲ್ಲಿ ಮಾತಾಡಿದರೂ ಇದು ಬಂದೇ ಬರುತ್ತದೆ. ಸಾಲು ಅದೇ, ದಾರಿ ಬೇರೆ. 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದಾಗ ಸಭೆಗಳಲ್ಲಿ ಕಣ್ಣು ಮುಚ್ಚಿ ಕೂತ ಅವರ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಟೀವಿ ಅಣಕಕ್ಕಿಂತ ಫೋಟೋ ಮತ್ತು ಬಾಯಿಮಾತಿನ ಜೋಕುಗಳ ಕೆಲಸ ಅದು. ಶೇಖರ್ ಸುಮನ್ ಥರದವರು ಪ್ರಧಾನಿಗಳನ್ನು ಟೀವಿಯಲ್ಲಿ ಅಣಕಿಸಿ ಹೆಸರು ಮಾಡಿದ್ದು ಆಮೇಲೆ, ವಾಜಪೇಯಿ ಅವರ ದೀರ್ಘ ಮೌನಗಳ ಕಾಲಕ್ಕೆ. ಆ ಹನ್ನೊಂದು ತಿಂಗಳಲ್ಲೇ ಬಾಂಗ್ಲಾದೇಶದ ಜೊತೆ ಮೂವತ್ತು ವರ್ಷದ ಗಂಗಾ ನೀರಿನ ಒಪ್ಪಂದ ಆಯಿತು, ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಶಂಕುಸ್ಥಾಪನೆ ಆಯಿತು. ಇದನ್ನು ಹೇಳಿದರೆ ಎದುರಿಗಿದ್ದವರು "ಹೌದಾ?" ಅನ್ನುತ್ತಾರೆ. ನಿದ್ದೆ ವಿಷಯ ಮಾತ್ರ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈಗಿನ ಪ್ರಧಾನಿಯನ್ನು ಟೀವಿಯಲ್ಲಿ ಯಾಕೆ ಹಾಗೆ ಅಣಕಿಸುವುದಿಲ್ಲ ಅಂತಲೂ ಬಾಲ ಸೇರಿಸಿ ಕೇಳುತ್ತಾರೆ. 2017ರಲ್ಲಿ ಶ್ಯಾಮ್ ರಂಗೀಲಾ ಒಂದು ಹಿಂದಿ ಹಾಸ್ಯ ಸ್ಪರ್ಧೆಯಲ್ಲಿ ಮಾಡಿದ ಮೋದಿ ಮಿಮಿಕ್ರಿ ಪ್ರಸಾರವೇ ಆಗಲಿಲ್ಲ. ಆದರೆ ಮೊಬೈಲಿನಲ್ಲಿ ಎಲ್ಲರೂ ನೋಡಿದರು.

ಗೇಲಿ ಮಾಡೋನೇ ನಾಯಕ ಆಗ್ಬಿಟ್ರೆ?

ಇದು ನಿಜವಾಗಿ ಆಗಿದೆ. ಉಕ್ರೇನ್‌ನಲ್ಲಿ 2015ರಲ್ಲಿ 'ಜನರ ಸೇವಕ' ಅನ್ನುವ ವಿಡಂಬನೆ ಧಾರಾವಾಹಿ ಶುರುವಾಯಿತು. ಒಬ್ಬ ಇತಿಹಾಸ ಮೇಷ್ಟ್ರು ಭ್ರಷ್ಟಾಚಾರದ ಬಗ್ಗೆ ರೇಗಾಡುವುದನ್ನು ಹುಡುಗನೊಬ್ಬ ಕದ್ದು ವಿಡಿಯೋ ಮಾಡುತ್ತಾನೆ, ಅದು ಹಬ್ಬಿ ಮೇಷ್ಟ್ರು ದೇಶದ ಅಧ್ಯಕ್ಷನಾಗುತ್ತಾನೆ. ಮೇಷ್ಟ್ರ ಪಾತ್ರ ಮಾಡಿದ್ದು ವೊಲೊದಿಮಿರ್ ಝೆಲೆನ್‌ಸ್ಕಿ. ಆಮೇಲೆ ಪಕ್ಷಕ್ಕೂ ಧಾರಾವಾಹಿಯ ಹೆಸರನ್ನೇ ಇಟ್ಟರು. 2019ರ ಮಾರ್ಚ್ 31ರ ಮೊದಲ ಸುತ್ತಿಗೆ ಕೆಲವೇ ದಿನ ಮುಂಚೆ ಮೂರನೇ ಸೀಸನ್ ಬಂತು, ಏಪ್ರಿಲ್ 21ಕ್ಕೆ ಅವರು ಶೇ. 73 ಮತ ಪಡೆದು ಗೆದ್ದರು.

ಫೋರ್ಡ್ ವಿಷಯದಲ್ಲಿ ಮನುಷ್ಯ ಮೊದಲು, ಮುಖವಾಡ ಆಮೇಲೆ. ಇಲ್ಲಿ ಜನ ಮುಖವಾಡಕ್ಕೇ ಓಟು ಹಾಕಿ, ಅದರೊಳಗಿನ ಮನುಷ್ಯನನ್ನು ಆಮೇಲೆ ನೋಡಿದರು. ಸೈಕಲ್ ತುಳಿದು ಕೆಲಸಕ್ಕೆ ಹೋಗುವ ಬಡ ಮೇಷ್ಟ್ರಿಗೂ, ದೊಡ್ಡ ಮನರಂಜನಾ ಕಂಪನಿಯ ಯಜಮಾನನಾಗಿದ್ದ ನಟನಿಗೂ ಇದ್ದ ದೂರ ಎಷ್ಟು ಅಂತ ಆಗ ಕೇಳಿದವರು ಕಮ್ಮಿ. 2022ರ ಫೆಬ್ರವರಿಯಲ್ಲಿ ರಷ್ಯಾ ನುಗ್ಗಿದ ಮರುದಿನ ರಾತ್ರಿ ಕೀವ್‌ನ ಬೀದಿಯಲ್ಲಿ ನಿಂತು, ನಾವೆಲ್ಲಾ ಇಲ್ಲೇ ಇದ್ದೇವೆ ಅಂತ ಅವರು ಮೊಬೈಲಿನಲ್ಲೇ ವಿಡಿಯೋ ಮಾಡಿ ಹಾಕಿದರಲ್ಲ, ಅದನ್ನು ನೋಡಿದ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: ಸಾರ್, ಇದು ಆ ಮೇಷ್ಟ್ರಾ, ಇವರಾ? ನಾನು ಆ ವಿಡಿಯೋ ಇನ್ನೊಂದು ಸಲ ಹಾಕು ಅಂದೆ.